ಕಿತ್ತೂರಿನ ಲೈನು ಸಿಗದ ಮಧ್ಯಾಹ್ನ

ನಾನು ಎರಡು ವರ್ಷದವಳಿದ್ದಾಗ ಜ್ವರ ಬಂದು ಎಡಗಾಲು ಸೊರಗಿತು. ಆ ಕಾಲಿನ ದೆಸೆಯಿಂದಲೇ ಇಪ್ಪತ್ತೆರಡನೆಯ ವಯಸ್ಸಿನಲ್ಲಿ ನನಗೆ ಟೆಲಿಫೋನ್ ಬೂತಿನ ಪರವಾನಗಿ ಸಿಕ್ಕಿತು. ತೊಂಬತ್ತರ ದಶಕದ ನಡುವಿನ ಮಾತು. ಸವದತ್ತಿಯಿಂದ ಬಸ್ಸಿನಲ್ಲಿ ಅರ್ಧ ತಾಸು ಬಂದರೆ ನಮ್ಮೂರು. ಊರು ಮುಗಿದ ಕೂಡಲೇ ಇಳಿಜಾರು, ಇಳಿಜಾರು ಮುಗಿದಲ್ಲಿ ಮಲಪ್ರಭಾ ಆಣೆಕಟ್ಟಿನ ಹಿನ್ನೀರು. ಬಸ್ಸು ನಿಲ್ಲುವ ಬೇವಿನ ಮರದ ಪಕ್ಕ ಅಬ್ಬಾ ಒಂದು ತಗಡಿನ ಅಂಗಡಿ ಹಾಕಿಸಿಕೊಟ್ಟರು. ಅದರೊಳಗೆ ಗಾಜಿನ ಗೂಡು, ಕೆಂಪು ಅಂಕಿಗಳು ಓಡುವ ಮೀಟರು, ನನಗೊಂದು ಕುರ್ಚಿ. ಕುರ್ಚಿಯಲ್ಲಿ ಕುಳಿತು ಬಾಗಿಲಾಚೆ ನೋಡಿದರೆ ಎರಡು ಮನೆಗಳ ನಡುವೆ ಅಂಗೈಯಗಲದ ನೀರು ಕಾಣುತ್ತಿತ್ತು. ನಾನು ಕಂಡ ಹಿನ್ನೀರು ಅಷ್ಟೇ. ಇಳಿಜಾರಿನಲ್ಲಿ ಊರುಗೋಲು ಜಾರುತ್ತದೆಂದು ಅಮ್ಮಿ ನನ್ನನ್ನು ದಂಡೆಗೆ ಬಿಡುತ್ತಿರಲಿಲ್ಲ.

ಅಬ್ಬಾ ಟೆಂಪೋ ಓಡಿಸುತ್ತಿದ್ದರು. ಬೆಳಿಗ್ಗೆ ದಂಡೆಗೆ ಬಂದ ಮೀನನ್ನು ಬರ್ಫಿನ ಪೆಟ್ಟಿಗೆಯಲ್ಲಿ ತುಂಬಿ ಒಂದು ದಿನ ಬೈಲಹೊಂಗಲಕ್ಕೆ, ಇನ್ನೊಂದು ದಿನ ರಾಮದುರ್ಗಕ್ಕೆ, ವಾರಕ್ಕೊಮ್ಮೆ ಕಿತ್ತೂರಿಗೆ ಒಯ್ಯುವುದು ಅವರ ಕೆಲಸ. ಮೀನು ಇಲ್ಲದ ದಿನ ಖಾಲಿ ಹೋಗಿ ಬರುವುದು ಬೇಡವೆಂದು ಆ ಊರುಗಳ ವ್ಯಾಪಾರಿಗಳು ನನ್ನ ಬೂತಿಗೆ ಫೋನು ಮಾಡಿ ಕೇಳತೊಡಗಿದರು. ಮೊದಮೊದಲು ನಾನು ಅಬ್ಬಾ ಹೇಳಿದ್ದನ್ನು ಹಾಗೆಯೇ ಹೇಳುತ್ತಿದ್ದೆ. ಆಮೇಲೆ ದಂಡೆಯಿಂದ ಮೇಲೆ ಬರುವ ಮೀನುಗಾರರನ್ನು ನಾನೇ ನಿಲ್ಲಿಸಿ ಕೇಳುವುದು ರೂಢಿಯಾಯಿತು. ನೀರಿನ ಬಣ್ಣ ಯಾವುದು, ಗಾಳಿ ಎಲ್ಲಿಂದ, ಬಲೆಗೆ ಬಿದ್ದದ್ದು ಕಟ್ಲಾನೋ ರೋಹುನೋ ಬರೀ ಅಗ್ಗದ ಜಿಲೇಬಿ ಮೀನೋ. ಎಲ್ಲವನ್ನೂ ಒಂದು ಪಾಟಿಯ ಮೇಲೆ ಬಳಪದಿಂದ ಬರೆದಿಟ್ಟುಕೊಳ್ಳುತ್ತಿದ್ದೆ.

ಏಳು ಗಂಟೆಗೆ ಮೊದಲ ಫೋನು ರಾಮದುರ್ಗದ ಚಾಚಾನದು. ಅಲ್ಲಿ ಹೊಳೆಯ ಹತ್ತಿರದ ಬೀದಿಯಲ್ಲಿ ಅವರದೊಂದು ಮೀನಿನ ಅಂಗಡಿ.

"ಬೇಟಿ, ಇವತ್ತ ನೀರ ಹ್ಯಾಂಗೈತಿ? ಡ್ಯಾಮಿನ ಗೇಟ ಬಿಟ್ಟಾರೇನು?"

ಗೇಟು ತೆಗೆದರೆ ರಾಮದುರ್ಗದ ಹೊಳೆಗೆ ನೀರು ಬರುತ್ತದೆ, ಅಲ್ಲಿಯ ಜನ ತಾವೇ ಹೊಳೆಯಲ್ಲಿ ಮೀನು ಹಿಡಿಯುತ್ತಾರೆ, ಚಾಚಾನ ಅಂಗಡಿಗೆ ಬರುವವರು ಕಡಿಮೆ. ಅದಕ್ಕೇ ಆ ಪ್ರಶ್ನೆ. ಅವರ ನಂತರ ಬೈಲಹೊಂಗಲದ ಸಂತೆಯಲ್ಲಿ ಮೀನು ಮಾರುವವನು. ಅವನು ತನ್ನ ಅಂಗಡಿಯ ಪಕ್ಕದ ಬೂತಿನಿಂದ ಮಾತಾಡುವವನು, ಮೀಟರು ಓಡುವ ಭಯಕ್ಕೆ ನಾಲ್ಕೇ ಮಾತು ಆಡಿ ಇಟ್ಟುಬಿಡುತ್ತಿದ್ದ. ಕೊನೆಗೆ ಕಿತ್ತೂರಿನಲ್ಲಿ ಹೆದ್ದಾರಿಯ ಪಕ್ಕ ಖಾನಾವಳಿ ನಡೆಸುವ ಹೆಂಗಸು. ಆಕೆಯ ಮಾತು ಯಾವಾಗಲೂ ಆಕಾಶದ ಮೋಡ ಬಿಸಿಲಿನಿಂದ ಶುರುವಾಗುತ್ತಿತ್ತು. "ಇಲ್ಲೆ ಮಾಡ ಕಟ್ಟೇತಿ ನೋಡ್ರಿ", "ಇಲ್ಲೆ ಬಿಸಲಿಗೆ ನೆಲಾ ಸುಡಾಕತ್ತೈತ್ರಿ" ಎಂದು ಹೇಳಿದ ಮೇಲೆಯೇ ಮೀನಿನ ಸುದ್ದಿ.

ಆಕೆಯ ಮಾತಿನಿಂದ ನಾನೊಂದು ಹೊಸ ವಿದ್ಯೆ ಕಲಿತೆ. ನಮ್ಮ ಕಡೆ ಬೇಸಿಗೆಯ ಅಡ್ಡಮಳೆ ಹೆಚ್ಚಾಗಿ ಪಡುವಣದಿಂದ ಬರುತ್ತದೆ. ಕಿತ್ತೂರು ನಮಗೆ ಪಡುವಣಕ್ಕಿದೆ, ನಡುವೆ ಬೈಲಹೊಂಗಲ. ಕಿತ್ತೂರಿನಲ್ಲಿ ಗಾಳಿ ಎದ್ದರೆ ಎರಡು ತಾಸಿನೊಳಗೆ ನಮ್ಮ ಹಿನ್ನೀರಿನ ಮೇಲೆ ಅದೇ ಗಾಳಿ. ಒಂದು ಬೇಸಿಗೆ ಇದನ್ನು ಸುಮ್ಮನೆ ಗಮನಿಸಿದೆ. ಮರುವರ್ಷದಿಂದ ಮೀನುಗಾರರಿಗೆ ಹೇಳಲು ಶುರುಮಾಡಿದೆ. "ಅಣ್ಣಾ, ಕಿತ್ತೂರದಾಗ ಮಾಡ ಕಟ್ಟೇತಂತ, ಲಗೂ ಬಂದ ಬಿಡ್ರಿ" ಎನ್ನುವೆ, ಅವರು ಬಲೆ ಎತ್ತಿಕೊಂಡು ದಂಡೆಗೆ ಬರುವಷ್ಟರಲ್ಲಿ ಗಾಳಿ ಬೀಸುವುದು. ಮೂರು ನಾಲ್ಕು ಸಲ ಹಾಗಾದ ಮೇಲೆ ಅವರು ಮಧ್ಯಾಹ್ನ ಹರಗೋಲು ನೀರಿಗೆ ಇಳಿಸುವ ಮೊದಲು ಬೂತಿಗೆ ಬಂದು ನನ್ನನ್ನು ಕೇಳುವಂತಾಯಿತು. ದಂಡೆಯನ್ನೇ ತುಳಿಯದವಳಿಗೆ ನೀರಿನವರು ಬಂದು ಕೇಳುತ್ತಾರಲ್ಲ ಎಂದು ನನಗೆ ಒಳಗೊಳಗೇ ಹಿಗ್ಗು. ಆ ಹಿಗ್ಗನ್ನು ನಾನು ಯಾರಿಗೂ ತೋರಿಸಿಕೊಂಡಿರಲಿಲ್ಲ, ಆದರೆ ಅದು ಇತ್ತು.

ಒಪ್ಪದವಳು ಒಬ್ಬಳೇ. ಊರ ತುದಿಯ ಗುಡಿಸಲಿನ ಮುದುಕಿ, ಎಲ್ಲರೂ ಆಕೆಯನ್ನು ಆಯಿ ಎಂದೇ ಕರೆಯುತ್ತಿದ್ದರು. ಆಣೆಕಟ್ಟು ಕಟ್ಟುವ ಮೊದಲು, ಇಲ್ಲಿ ಬರೀ ಹೊಳೆಯಿದ್ದ ಕಾಲದಿಂದ ಮೀನು ಹಿಡಿದವಳು. ಆಕೆಯ ಮಗ ಮತ್ತು ಸೊಸೆ ಒಂದೇ ಹರಗೋಲಿನಲ್ಲಿ ಹೋಗುತ್ತಿದ್ದರು. ಸೊಸೆ ಹುಟ್ಟು ಹಾಕುವುದು, ಮಗ ಬಲೆ ಬಿಡುವುದು. ಸೊಸೆ ನನ್ನ ವಯಸ್ಸಿನವಳೇ, ಮಾತು ಕಡಿಮೆ. ಮಗ ಅದಕ್ಕೆ ತಿರುಗುಮುರುಗು, ನಗುವವನು, ಯಾವುದನ್ನೂ ಮನಸ್ಸಿಗೆ ಹಚ್ಚಿಕೊಳ್ಳದವನು. ಆಯಿ ಒಮ್ಮೆ ಬೂತಿನ ಮುಂದೆ ಕುಳಿತು ಎಲೆ ಅಡಿಕೆ ಮೆಲ್ಲುತ್ತ ನನಗೆ ಹೇಳಿದ್ದಳು:

"ತಂಗೀ, ನಾನು ಮೂಗಿಲೆ ಗಾಳಿ ಹಿಡೀತೇನಿ. ನೀ ಕಿವಿಲೆ ಹಿಡ್ಯಾಕತ್ತಿ. ಕಿವಿಗೆ ಬಂದದ್ದು ಮಂದಿ ಮಾತು, ಗಾಳಿ ಅಲ್ಲ."

ನಾನು ನಕ್ಕುಬಿಟ್ಟಿದ್ದೆ.

ಆ ದಿನ ವೈಶಾಖದ ಬಿಸಿಲು. ನೀರು ಬಹಳ ಇಳಿದಿತ್ತು. ಆಣೆಕಟ್ಟಿನಲ್ಲಿ ಮುಳುಗಿದ ಹಳೆಯ ಊರಿನ ಕಲ್ಲಿನ ಬುರುಜು ನಡುನೀರಿನಲ್ಲಿ ತಲೆಯೆತ್ತಿದೆಯೆಂದು ದಂಡೆಯವರು ಹೇಳುತ್ತಿದ್ದರು. ಬಿಸಿಲಿಗೆ ಮೀನು ಆಳಕ್ಕೆ ಇಳಿದು, ಬೆಳಗಿನ ಬಲೆಗಳಲ್ಲಿ ಏನೂ ಬಿದ್ದಿರಲಿಲ್ಲ. ಪಾಟಿಯ ಮೇಲೆ ನಾನು 'ಬರೀ ಜಿಲೇಬಿ, ಅದೂ ಸಣ್ಣದು' ಎಂದು ಬರೆದಿದ್ದೆ. ಹನ್ನೊಂದಕ್ಕೆ ಚಾಚಾನ ಫೋನು ಎರಡನೆಯ ಸಲ ಬಂತು. ದನಿಯಲ್ಲಿ ಅವಸರವಿತ್ತು.

"ಬೇಟಿ, ನಾಳೆ ನಮ್ಮ ಮೊಹಲ್ಲಾದಾಗ ವಲೀಮಾ ಊಟ ಐತಿ. ಗಂಡಿನವರು ಮೀನ ಬೇಕಂತ ಹಟಾ ಹಿಡದಾರ. ನಾ ಹೂಂ ಅಂದು ಕುಂತೇನಿ. ಹ್ಯಾಂಗರ ಮಾಡಿ ಸಂಜೀಕ ಕಳಸ ಬೇಟಿ. ನನ್ನ ಮಾನದ ಪ್ರಶ್ನೆ."

ಮದುವೆಯ ಮರುದಿನದ ಊಟಕ್ಕೆ ಒಪ್ಪಿಕೊಂಡು ಮೀನಿಲ್ಲವೆಂದರೆ ಚಾಚಾನ ಗತಿ ಏನು ಎಂದು ನನಗೂ ಕಸಿವಿಸಿಯಾಯಿತು. ಅಬ್ಬಾ ದಂಡೆಗೆ ಹೋಗಿ ಕೇಳಿಬಂದರು. ಆಚೆ ದಂಡೆಯ ಹತ್ತಿರ, ಆಳದ ನೀರಿನಲ್ಲಿ ಬಲೆ ಬಿಟ್ಟಿದ್ದವರು ಆಯಿಯ ಮಗ ಸೊಸೆ ಮಾತ್ರ. ಅದನ್ನು ಎತ್ತಲು ಅವರು ಮರುದಿನ ಬೆಳಿಗ್ಗೆ ಹೋಗುವವರಿದ್ದರು. ಮಧ್ಯಾಹ್ನವೇ ಹೋದರೆ ಸಂಜೆಗೆ ಮೀನು ಬರುತ್ತದೆ.

ಒಂದು ಗಂಟೆಗೆ ಗಂಡ ಹೆಂಡತಿ ಇಬ್ಬರೂ ಬೂತಿಗೆ ಬಂದರು. ಅವನ ಹೆಗಲ ಮೇಲೆ ಹುಟ್ಟು ಇತ್ತು.

"ಅಕ್ಕಾರ, ಹೋಗಿ ಬರೂದು ಮೂರು ತಾಸಿನ ದಾರಿ. ಅವ್ವ ಬ್ಯಾಡ ಅನ್ನಾಕತ್ತಾಳ, ಮೂಗಿಗೆ ಮಣ್ಣಿನ ವಾಸನಿ ಬರಾಕತ್ತೈತಂತ. ಆಕಿದು ದಿನಾ ಇದ್ದದ್ದ. ನೀವು ಕಿತ್ತೂರಿಗೆ ಕೇಳ್ರಿ" ಎಂದ ಅವನು.

ನಾನು ಕಿತ್ತೂರಿಗೆ ಫೋನು ಹಚ್ಚಿದೆ. 'ಈ ಮಾರ್ಗದ ಎಲ್ಲ ಲೈನುಗಳೂ ಕಾರ್ಯನಿರತವಾಗಿವೆ' ಎನ್ನುವ ಹೆಂಗಸಿನ ದನಿ ಕೇಳಿಸಿತು. ಮತ್ತೆ ಹಚ್ಚಿದೆ. ಅದೇ ದನಿ. ಐದಾರು ಸಲ ಹಚ್ಚಿದೆ. ಬೈಲಹೊಂಗಲಕ್ಕೆ ಹಚ್ಚಿದರೆ ಒಮ್ಮೆಲೇ ಸಿಕ್ಕಿತು. "ಇಲ್ಲೆ ಬಿಸಲ ರಣರಣ ಐತ್ರಿ. ಪಡುವಣಕ್ಕ ಒಂದೀಟ ಮಾಡ ಕಾಣತೈತಿ, ಏನಿಲ್ಲ" ಎಂದು ಅವನು ಇಟ್ಟುಬಿಟ್ಟ.

ಅವರಿಬ್ಬರೂ ಗಾಜಿನ ಗೂಡಿನ ಹೊರಗೆ ನಿಂತಿದ್ದರು. ಹೆಂಡತಿ ಸೆರಗಿನಿಂದ ಕುತ್ತಿಗೆ ಒರೆಸಿಕೊಳ್ಳುತ್ತ ನನ್ನ ಮುಖವನ್ನೇ ನೋಡುತ್ತಿದ್ದಳು. ನನ್ನ ಕಿವಿಯಲ್ಲಿ ಚಾಚಾನ ದನಿ ಇತ್ತು. ಎರಡು ವರ್ಷದಲ್ಲಿ ನನ್ನ ಮಾತು ಒಮ್ಮೆಯೂ ತಪ್ಪಿರಲಿಲ್ಲ. ಸಿಗಲಿಲ್ಲ ಎಂದು ಹೇಳುವುದು ನನಗೆ ಸೋತಂತೆ ಅನಿಸಿತು. ಬೈಲಹೊಂಗಲದಲ್ಲೇ ಬಿಸಿಲಿರುವಾಗ ಕಿತ್ತೂರಿನಲ್ಲಿ ಏನಿದ್ದೀತು ಎಂದು ನನಗೆ ನಾನೇ ಹೇಳಿಕೊಂಡೆ. ಗೂಡಿನಿಂದ ಹೊರಗೆ ಬಂದು ಹೇಳಿದೆ:

"ಕಿತ್ತೂರದಾಗೂ ಬಿಸಲ ಐತಂತ. ಹೋಗಿ ಬರ್ರಿ."

ಸುಳ್ಳು ಹೇಳಲು ಎಷ್ಟು ಹೊತ್ತು ಬೇಕು? ಅವನು ನಕ್ಕು, "ಚಾಚಾಗ ಫೋನ್ ಮಾಡಿಬಿಡ್ರಿ, ಮೀನ ಬರತೈತಂತ" ಎಂದು ಇಳಿಜಾರಿನ ಕಡೆ ನಡೆದ. ಅವಳು ಅವನ ಹಿಂದೆ ಹೋದಳು.

ಅವರು ಹೋದ ಮೇಲೂ ನಾನು ಕಿತ್ತೂರಿಗೆ ಹಚ್ಚುವುದನ್ನು ಬಿಡಲಿಲ್ಲ. ಸಿಕ್ಕರೆ, ಬಿಸಿಲಿದೆ ಎಂದು ಆಕೆ ಅಂದರೆ, ನಾನು ಹೇಳಿದ್ದು ನಿಜವಾದಂತೆಯೇ ಆಗುತ್ತಿತ್ತಲ್ಲ. ಎರಡು ಗಂಟೆಗೆ ಆ ರೆಕಾರ್ಡಿನ ದನಿಯೂ ನಿಂತಿತು. ಹಚ್ಚಿದರೆ ಬರೀ ಮೌನ. ಆಗ ನನಗೆ ಹೊಳೆಯಿತು. ಲೈನು ಬಿಜಿ ಇರಲಿಲ್ಲ, ಲೈನೇ ಹೋಗಿತ್ತು. ಅಂಥ ಬಿಸಿಲಿನಲ್ಲಿ ಟೆಲಿಫೋನಿನ ಕಂಬ ತಾನಾಗಿ ಬೀಳುವುದಿಲ್ಲ.

ಬೈಲಹೊಂಗಲಕ್ಕೆ ಹಚ್ಚಿದೆ. ಬಹಳ ಹೊತ್ತು ರಿಂಗಾಗಿ ಅವನು ಎತ್ತಿದ. ಹಿಂದೆ ತಗಡು ಬಡಿದುಕೊಳ್ಳುವ ಸದ್ದು.

"ಅಕ್ಕಾರ, ಗಾಳಿ ಬಿಟ್ಟೈತ್ರಿ! ಸಂತ್ಯಾಗಿನ ತಾಡಪತ್ರಿ ಎಲ್ಲಾ ಹಾರಿ ಹೋಗ್ಯಾವ್ರಿ! ನಾ ಆಮ್ಯಾಲೆ..."

ಅಲ್ಲಿಗೆ ಅದೂ ಕಡಿಯಿತು.

ನಾನು ಊರುಗೋಲು ಹಿಡಿದು ಬೂತಿನಿಂದ ಹೊರಗೆ ಓಡಿದೆ ಎಂದು ಬರೆಯಬಹುದು, ಆದರೆ ನನ್ನ ಓಟ ಎಂಥದು! ಬೇವಿನ ಮರದ ಕೆಳಗೆ ಟೆಂಪೋದಲ್ಲಿ ಮಲಗಿದ್ದ ಅಬ್ಬಾನನ್ನು ಕೂಗಿ ಎಬ್ಬಿಸಿದೆ. ಅವರು ದಂಡೆಗೆ ಓಡಿದರು. ದಂಡೆಯಲ್ಲಿದ್ದವರೆಲ್ಲ ಕೂಗಿದರಂತೆ, ಪಂಚೆ ಬಿಚ್ಚಿ ಬೀಸಿದರಂತೆ. ಹರಗೋಲು ಆಗಲೇ ನಡುನೀರು ದಾಟಿ ಚುಕ್ಕೆಯಾಗಿತ್ತು. ಅಷ್ಟು ದೂರಕ್ಕೆ ಯಾರ ಕೂಗೂ ಮುಟ್ಟುವುದಿಲ್ಲ.

ಮೂರು ಗಂಟೆಗೆ ಐದು ನಿಮಿಷವಿತ್ತು. ಮೊದಲು ಬೆಳಕು ಹಳದಿಯಾಯಿತು. ಹಕ್ಕಿಗಳ ಸದ್ದು ನಿಂತಿತು. ಬೇವಿನ ಮರದ ಒಂದು ಎಲೆಯೂ ಅಲ್ಲಾಡಲಿಲ್ಲ. ಅದಾದ ಮೇಲೆ ಊರಿನ ಪಡುವಣ ದಿಕ್ಕಿನಿಂದ ಕೆಂಪು ಧೂಳಿನ ಗೋಡೆಯೊಂದು ಮನೆಗಳ ಮೇಲೆ ಎದ್ದು ಬಂತು. ಬೂತಿನ ತಗಡು ಬಡಿದುಕೊಂಡಿತು, ನನ್ನ ಪಾಟಿ ಗೋಡೆಯಿಂದ ಬಿದ್ದು ಒಡೆಯಿತು. ಬಾಗಿಲಾಚೆ ನನಗೆ ಕಾಣುತ್ತಿದ್ದ ಅಂಗೈಯಗಲದ ನೀರು ಮೊದಲು ಬೂದಿ ಬಣ್ಣಕ್ಕೆ ತಿರುಗಿತು, ಆಮೇಲೆ ಅದರ ಮೇಲೆ ಬಿಳಿಯ ನೊರೆ ಕಂಡಿತು. ಹಿನ್ನೀರಿನಲ್ಲಿ ನೊರೆ ನಾನು ಅಂದೇ ಮೊದಲು ನೋಡಿದ್ದು. ಆಮೇಲೆ ಆಲಿಕಲ್ಲು, ಮಳೆ. ಏನೂ ಕಾಣಲಿಲ್ಲ.

ಮಳೆ ಮುಕ್ಕಾಲು ತಾಸು ಹೊಡೆಯಿತು. ನಿಂತ ಮೇಲೆ ಆಯಿ ಬಂದಳು. ಮೈಯೆಲ್ಲ ತೊಯ್ದಿತ್ತು. ದಂಡೆಯಲ್ಲೇ ನಿಂತು ಮಳೆಯಲ್ಲಿ ನೆನೆದವಳು, ಅಲ್ಲಿ ಏನೂ ಕಾಣುತ್ತಿಲ್ಲವೆಂದು ಫೋನಿನ ಹತ್ತಿರ ಬಂದಿದ್ದಳು. ಬೂತಿನ ಹೊಸ್ತಿಲ ಮೇಲೆ ಕುಳಿತಳು. ಅಳಲಿಲ್ಲ.

"ಆಚಿ ದಂಡಿ ಊರಿಗೆ ಫೋನ್ ಹಚ್ಚು ತಂಗಿ. ಅಲ್ಲೆ ಯಾರರ ನೋಡ್ಯಾರೇನ ಕೇಳು."

ನನ್ನ ಲೈನಿನಲ್ಲಿ ಗರಗರ ಸದ್ದಿತ್ತು, ಆದರೆ ಜೀವವಿತ್ತು. ಆಚೆ ದಂಡೆಯ ಮೂರು ಊರುಗಳ ಕಿರಾಣಿ ಅಂಗಡಿಗಳ ನಂಬರುಗಳು ನನ್ನ ಹತ್ತಿರ ಇದ್ದವು. ಮೊದಲನೆಯದು ಸಿಗಲಿಲ್ಲ. ಎರಡನೆಯ ಊರಿನವರು ನೋಡಿ ಹೇಳುತ್ತೇವೆಂದರು. ಮೂರನೆಯ ಊರಿನಲ್ಲಿ ಯಾರೋ ಎತ್ತಿ, ನಮ್ಮ ಮನೆಗಳ ಹಂಚೇ ಹಾರಿವೆ, ನೀರಿನ ಕಡೆ ಯಾರು ಹೋಗುತ್ತಾರೆ ಎಂದು ಬೈದು ಇಟ್ಟರು. ಅಬ್ಬಾ ನಾಲ್ಕು ಜನ ಮೀನುಗಾರರನ್ನು ಹತ್ತಿಸಿಕೊಂಡು, ಟೆಂಪೋದ ಮೇಲೆ ಇನ್ನೊಂದು ಹರಗೋಲನ್ನು ಬೋರಲು ಕಟ್ಟಿಕೊಂಡು, ಹಿನ್ನೀರನ್ನು ಸುತ್ತಿ ಆಚೆ ದಂಡೆಗೆ ಹೊರಟರು. ದಾರಿಯಲ್ಲಿ ಮರಗಳು ಬಿದ್ದಿರುತ್ತವೆ, ಎಷ್ಟು ಹೊತ್ತಾಗುತ್ತದೋ ಗೊತ್ತಿಲ್ಲ ಎಂದು ಹೇಳಿ ಹೋದರು.

ಬೂತಿನಲ್ಲಿ ನಾನು, ಆಯಿ. ಫೋನು ಒಮ್ಮೆ ಗಂಟೆ ಬಾರಿಸಿತು. ನಾನು ಎರಡೂ ಕೈಯಿಂದ ಎತ್ತಿದೆ. ಚಾಚಾ.

"ಮೀನ ಹೊಂಟೈತೇನ ಬೇಟಿ?"

"ಚಾಚಾ, ಹರಗೋಲು ವಾಪಸ್ ಬಂದಿಲ್ಲ. ಗಾಳಿ ಆತು. ಗಂಡ ಹೆಂಡತಿ ಇಬ್ಬರೂ ನೀರಾಗ ಅದಾರ."

ಅವರು, "ಯಾ ಅಲ್ಲಾ, ನಾ ಯಾಕ ಕೇಳಿದೆ" ಎಂದರು. ಆ ಮಾತು ಕೇಳಿ ನನಗೆ ತಡೆಯಲಾಗಲಿಲ್ಲ. ಕೇಳಿದವರು ಅವರು, ಹೌದು. ಆದರೆ ಕಳಿಸಿದವಳು ನಾನು. ಫೋನಿಟ್ಟು ಆಯಿಯ ಕಡೆ ತಿರುಗಿದೆ.

"ಆಯಿ, ನನಗ ಕಿತ್ತೂರ ಸಿಕ್ಕಿದ್ದಿಲ್ಲ. ಬಿಸಲ ಐತಂತ ನಾನ ಸುಳ್ಳ ಹೇಳಿದೆ."

ಆಕೆ ನನ್ನನ್ನು ನೋಡಿದಳು. ಬೈಯುತ್ತಾಳೆ, ಹೊಡೆಯುತ್ತಾಳೆ ಎಂದುಕೊಂಡೆ. ಹೊಡೆದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ಆಕೆ ತೊಯ್ದ ಸೆರಗನ್ನು ಹಿಂಡಿ ನೀರು ತೆಗೆದಳು, ಮತ್ತೆ ಹೊದ್ದುಕೊಂಡಳು.

"ಯಾಕ ಹೇಳಿದಿ?"

"ಗೊತ್ತಿಲ್ಲಾಯಿ."

"ಗೊತ್ತೈತಿ. ನಿನಗ ಎಲ್ಲಾ ತಿಳೀತೈತಿ ಅಂತ ಮಂದಿ ತಿಳಕೋಬೇಕಾಗಿತ್ತು."

ಅದಕ್ಕಿಂತ ಸರಿಯಾಗಿ ನನ್ನ ಬಗ್ಗೆ ಯಾರೂ ಹೇಳಿರಲಿಲ್ಲ. ನಾನು ತಲೆ ತಗ್ಗಿಸಿದೆ. ಆಕೆಯೇ ಮುಂದುವರಿಸಿದಳು:

"ಈಗ ಅದನ್ನ ಯಾರ ಮುಂದೂ ಆಡಬ್ಯಾಡ. ಊರ ಮಂದಿ ನಿನ್ನ ಹರದು ತಿಂತಾರ, ಅದರಿಂದ ನನ್ನ ಮಗಾ ಏನ ಬರೂದಿಲ್ಲ. ಅವರು ಬರ್ಲಿ. ಬಂದ ಮ್ಯಾಲೆ ಅವರ ಮುಂದ ನೀನ ನಿಂತು ಹೇಳು. ಈಗ ಮತ್ತ ಫೋನ್ ಹಚ್ಚು."

'ಬಂದ ಮ್ಯಾಲೆ' ಎಂದು ಆಕೆ ಅಂದದ್ದನ್ನು ನಾನು ಗಟ್ಟಿಯಾಗಿ ಹಿಡಿದುಕೊಂಡೆ. ಬರದಿದ್ದರೆ ಎನ್ನುವ ಮಾತು ನಮ್ಮಿಬ್ಬರ ನಡುವೆ ಹೊಸ್ತಿಲ ಮೇಲೆಯೇ ಕುಳಿತಿತ್ತು, ಇಬ್ಬರೂ ಅದರ ಕಡೆ ನೋಡಲಿಲ್ಲ. ಹತ್ತು ನಿಮಿಷಕ್ಕೊಮ್ಮೆ ಆ ಮೂರು ಊರುಗಳಿಗೆ ಹಚ್ಚುತ್ತ ಹೋದೆ. ಬೆರಳಿನ ತುದಿ ಜೋಮು ಹಿಡಿಯಿತು. ಅಮ್ಮಿ ಚಹಾ ತಂದಿಟ್ಟು, ನಮ್ಮ ಮುಖ ನೋಡಿ, ಮನೆಗೆ ಹೋಗಿ ನಮಾಜಿಗೆ ನಿಂತಳು. ಚಹಾ ಆರಿತು. ಆಯಿ ಒಮ್ಮೊಮ್ಮೆ ಮೂಗು ಮೇಲೆತ್ತಿ ಗಾಳಿಯನ್ನು ಮೂಸುತ್ತಿದ್ದಳು. "ಗಾಳಿ ಬಿದ್ದೈತಿ. ಇನ್ನ ಗಾಳಿ ಏಳೂದಿಲ್ಲ" ಎಂದು ತನಗೆ ತಾನೇ ಹೇಳಿಕೊಂಡಳು.

ಐದೂವರೆಗೆ ಎರಡನೆಯ ಊರಿನ ಅಂಗಡಿಯವರು ತಾವೇ ಫೋನು ಮಾಡಿದರು.

"ಹಲೋ, ನಡುವ ನೀರಾಗ ಬುರುಜಿನ ಮ್ಯಾಲೆ ಏನೋ ಕಾಣಾಕತ್ತೈತ್ರಿ. ಕೆಂಪ ಬಟ್ಟಿ. ಮನಷಾರ ಹೌದೋ ಅಲ್ಲೋ ತಿಳೀವಲ್ದು. ಒಬ್ಬರು ಇದ್ದಂಗ ಕಾಣತೈತಿ."

"ಒಬ್ಬರ?" ಎಂದೆ. ಕೇಳಬಾರದಿತ್ತು. ಆಯಿ ಹಿಂದೆಯೇ ನಿಂತಿದ್ದಳು, ಆ ಒಂದು ಮಾತು ಆಕೆಯ ಕಿವಿಗೆ ಬಿತ್ತು. ಗಾಜಿನ ಗೂಡಿಗೆ ಆನಿಕೊಂಡು ನಿಧಾನವಾಗಿ ಕೆಳಗೆ ಕುಸಿದಳು. ಹೆಂಡತಿಯ ಸೀರೆ ಕೆಂಪು. ಆದರೆ ಒಬ್ಬರೇ ಎಂದರೆ ಯಾರು? ಒಂದು ತಾಸಿನ ಕಾಲ ನನ್ನ ಮನಸ್ಸು ಇಬ್ಬರಲ್ಲಿ ಒಬ್ಬರನ್ನು ಉಳಿಸುವುದು, ಇನ್ನೊಬ್ಬರನ್ನು ಕಳೆಯುವುದು, ಮತ್ತೆ ಅದಲುಬದಲು ಮಾಡುವುದು, ಇದನ್ನೇ ಮಾಡಿತು. ಯಾರಾದರೂ ಸರಿ ಇಬ್ಬರೂ ಬರಲಿ ಎಂದು ಅರ್ಥವಿಲ್ಲದ ಪ್ರಾರ್ಥನೆ ಮಾಡಿದೆ.

ದೀಪ ಹಚ್ಚುವ ಹೊತ್ತಿಗೆ ಫೋನು ಬಂತು. ಅಬ್ಬಾನ ದನಿ. ಅವರು ಏದುಸಿರು ಬಿಡುತ್ತಿದ್ದರು.

"ಬೇಟಾ, ಇಬ್ಬರೂ ಸಿಕ್ಕರು. ಇಬ್ಬರೂ ಜೀವಂತ ಅದಾರ. ಅವನ ಭುಜಾ ಮುರದೈತಿ, ಸವದತ್ತಿ ದವಾಖಾನಿಗೆ ಒಯ್ಯಾಕತ್ತೇನಿ. ಆಯಿಗೆ ಹೇಳು."

ಆಯಿಯ ಕಡೆ ಎರಡು ಬೆರಳು ತೋರಿಸಿದೆ. ಆಗ ಆಕೆ ಅತ್ತಳು.

ಏನಾಯಿತೆಂದು ಸೊಸೆಯೇ ಆಮೇಲೆ ಹೇಳಿದಳು. ಗಾಳಿ ಬಂದಾಗ ಅವರು ಬಲೆ ಎತ್ತುತ್ತಿದ್ದರು. ಹರಗೋಲು ಬುಗುರಿಯಂತೆ ತಿರುಗತೊಡಗಿತು. ಅವನು ಬಲೆಯನ್ನು ಕೊಯ್ದು ನೀರಿಗೆ ಬಿಟ್ಟ, ಆದರೂ ಹರಗೋಲು ಮಗುಚಿತು. ಇಬ್ಬರೂ ಅದರ ಅಂಚು ಹಿಡಿದು ತೇಲಿದರು. ಅಲೆಗಳು ಅವರನ್ನು ಬುರುಜಿಗೆ ತಂದು ಬಡಿದವು. ಬಡಿದ ಏಟಿಗೆ ಅವನ ಭುಜ ಮುರಿದು ಕೈ ನಿಷ್ಪ್ರಯೋಜಕವಾಯಿತು. ಅವಳು ಮೊದಲು ತಾನು ಹತ್ತಿ, ಸೀರೆ ಬಿಚ್ಚಿ ಅವನ ಕಂಕುಳಡಿಗೆ ಕಟ್ಟಿ, ಕಲ್ಲಿನ ಸಂದಿಗೆ ಕಾಲು ಕೊಟ್ಟು ಎಳೆದಳು. ಅರ್ಧ ಮೇಲೆ ಬಂದವನನ್ನು ಅದೇ ಸೀರೆಯಿಂದ ಚಾಚಿದ ಕಲ್ಲಿಗೆ ಬಿಗಿದು, ಎರಡು ತಾಸಿಗೂ ಹೆಚ್ಚು ಹೊತ್ತು ಆ ಗಂಟು ಬಿಚ್ಚದಂತೆ ಹಿಡಿದು ಕುಳಿತಿದ್ದಳು. ದೂರದಿಂದ ಕಂಡದ್ದು ಅವಳಲ್ಲ, ಆ ಸೀರೆ.

ನಾಲ್ಕನೆಯ ದಿನ ಅವರು ಮನೆಗೆ ಬಂದರು. ಅಬ್ಬಾನಿಗೆ ಹೇಳಿ ಟೆಂಪೋದಲ್ಲಿ ಅವರ ಗುಡಿಸಲಿಗೆ ಹೋದೆ. ಆಯಿ ಬಾಗಿಲಲ್ಲಿ ನಿಂತು ನನ್ನನ್ನು ನೋಡಿದಳು, ದಾರಿ ಬಿಟ್ಟಳು. ಕುಳಿತುಕೊಳ್ಳಿ ಎಂದರೂ ನಾನು ಕುಳಿತುಕೊಳ್ಳಲಿಲ್ಲ. ಊರುಗೋಲಿಗೆ ಆನಿಕೊಂಡೇ ಹೇಳಿದೆ. ಕಿತ್ತೂರಿನ ಲೈನು ಸಿಕ್ಕಿರಲಿಲ್ಲ, ಬಿಸಿಲಿದೆ ಎಂದದ್ದು ನನ್ನ ಮಾತು ಎಂದೆ. ಅಬ್ಬಾನಿಗೂ ಅದು ಅಲ್ಲಿಯೇ ಗೊತ್ತಾದದ್ದು. ಅವರು ಮುಖ ಬೇರೆ ಕಡೆ ತಿರುಗಿಸಿದರು.

ಗಂಡ ಬ್ಯಾಂಡೇಜಿನ ಕೈ ಇಟ್ಟುಕೊಂಡೇ ನಕ್ಕ. "ಇರಲಿ ಬಿಡ್ರಿ ಅಕ್ಕಾರ. ನೀವು ಬ್ಯಾಡ ಅಂದಿದ್ರೂ ನಾ ಹೋಗಾಂವನ. ಅವ್ವನ ಮಾತ ಕೇಳಲಿಲ್ಲ, ನಿಮ್ಮ ಮಾತ ಕೇಳತಿದ್ದೆನೇನು?"

ಹೆಂಡತಿ ನಗಲಿಲ್ಲ. ಎರಡೂ ಅಂಗೈಯ ಚರ್ಮ ಸುಲಿದು ಅವಳು ಅರಿಶಿನ ಹಚ್ಚಿಕೊಂಡಿದ್ದಳು.

"ಅಂವ ಹೋಗತಿದ್ದ. ನಾ ಹೋಗತಿದ್ದಿಲ್ಲ" ಎಂದಳು. "ನಾ ನಿಮ್ಮ ಮುಖಾ ನೋಡಿ ಹೋದೆ ಅಕ್ಕಾರ. ಇನ್ನ ಮುಂದ ಸಿಗಲಿಲ್ಲಂದ್ರ ಸಿಗಲಿಲ್ಲ ಅನ್ರಿ. ಅಷ್ಟ ಸಾಕು."

ಮನೆ ಬಂದ ಮೇಲೆ ಅಬ್ಬಾ, ಬೂತು ಮುಚ್ಚಬೇಕೆಂದು ಅನಿಸಿದರೆ ಮುಚ್ಚು ಎಂದರು. ಮೂರು ದಿನ ಮುಚ್ಚಿಯೇ ಇಟ್ಟೆ. ನಾಲ್ಕನೆಯ ದಿನ ಬಾಗಿಲು ತೆರೆದದ್ದು ಧೈರ್ಯದಿಂದಲ್ಲ. ಊರಿನವರಿಗೆ ಬೇರೆ ಫೋನಿರಲಿಲ್ಲ, ಒಬ್ಬ ಬಾಣಂತಿಯ ಮನೆಯವರು ಬಂದು ಬಾಗಿಲು ಬಡಿದರು, ಅಷ್ಟೇ.

ಚಾಚಾ ಎರಡು ವಾರ ಫೋನು ಮಾಡಲಿಲ್ಲ. ಆಮೇಲೆ ಬಸ್ಸು ಹತ್ತಿ ತಾವೇ ನಮ್ಮೂರಿಗೆ ಬಂದು, ಆ ಗುಡಿಸಲಿಗೆ ಹೋಗಿ, ಹೊಸ ಬಲೆ ಕೊಟ್ಟು ಹೋದರು. ವಲೀಮಾ ಊಟದಲ್ಲಿ ಕೊನೆಗೆ ಏನು ಬಡಿಸಿದರೆಂದು ನಾನು ಕೇಳಲಿಲ್ಲ.

ಸೊಸೆ ಬಹಳ ದಿನ ಬೂತಿನ ಕಡೆ ಸುಳಿಯಲಿಲ್ಲ. ನೀರಿಗೆ ಹೋಗುವಾಗ ಬೇರೆ ಓಣಿಯಿಂದ ಇಳಿಯುತ್ತಿದ್ದಳು. ಗಂಡನ ಭುಜ ಕೂಡುವವರೆಗೂ ಒಬ್ಬಳೇ ಹುಟ್ಟು ಹಾಕಿ ಒಬ್ಬಳೇ ಬಲೆ ಬಿಡುತ್ತಿದ್ದಳು, ದಂಡೆಯ ಅಂಚಿನಲ್ಲೇ. ಆಷಾಢದ ಗಾಳಿ ಮುಗಿದು, ನೀರು ಕೆಂಪಾಗಿ ತುಂಬಿ, ಮತ್ತೆ ತಿಳಿಯಾದ ಮೇಲೆ, ಒಂದು ಬೆಳಿಗ್ಗೆ ಬಂದು ಬಾಗಿಲಲ್ಲಿ ನಿಂತಳು.

"ಕಿತ್ತೂರದಾಗ ಏನಂತಾರ್ರಿ?"

ಹಚ್ಚಿದೆ. ಆ ದಿನವೂ ಸಿಗಲಿಲ್ಲ.

"ಸಿಗವಲ್ದು."

"ಹಂಗಾರ ಇವತ್ತ ಹೋಗೂದಿಲ್ಲ" ಎಂದು ತಿರುಗಿ ಹೋದಳು. ಆ ದಿನ ಸಂಜೆಯವರೆಗೂ ಎಲೆ ಅಲ್ಲಾಡುವಷ್ಟೂ ಗಾಳಿ ಬರಲಿಲ್ಲ. ಬೇರೆಯವರೆಲ್ಲ ಬುಟ್ಟಿ ತುಂಬ ಮೀನು ತಂದರು. ಮರುದಿನ ಅವಳು ಮತ್ತೆ ಬಂದು ಕೇಳಿದಳು.

ಹೀಗೆ ನಾಲ್ಕೈದು ವರ್ಷ. ನಡುವೆ ಆಯಿ ತೀರಿಕೊಂಡಳು, ಎರಡು ದಿನದ ಜ್ವರದಲ್ಲಿ. ಎರಡು ಸಾವಿರದ ಇಸವಿ ದಾಟಿದ ಮೇಲೆ ಮಳೆ ಸರಿಯಾಗಿ ಆಗದ ವರ್ಷಗಳು ಒಂದರ ಹಿಂದೊಂದು ಬಂದವು. ಹಿನ್ನೀರು ಹಿಂದೆ ಸರಿಯುತ್ತ ಸರಿಯುತ್ತ ನನ್ನ ಬಾಗಿಲಿನಿಂದ ಕಾಣುತ್ತಿದ್ದ ಜಾಗದಲ್ಲಿ ಬರೀ ಬಿರಿದ ಎರೆಮಣ್ಣು ಉಳಿಯಿತು. ಫೋನು ಮಾಡುವವರಿಗೆ ದಿನವೂ ಇಲ್ಲ, ಇಲ್ಲ ಎನ್ನುವುದೇ ಆಯಿತು. ಮೀನುಗಾರರು ಒಬ್ಬೊಬ್ಬರಾಗಿ ಬೇರೆ ನೀರು ಹುಡುಕಿ ಹೋದರು. ಗಂಡ ಹೆಂಡತಿಯೂ ಆಲಮಟ್ಟಿಯ ಕಡೆಗೆ ಹೊರಟರು. ಅಲ್ಲಿಂದ ಅವಳು ರವಿವಾರಕ್ಕೊಮ್ಮೆ ನಾಣ್ಯದ ಫೋನಿನಿಂದ ಮಾತಾಡುತ್ತಿದ್ದಳು. ನಾಣ್ಯ ಮುಗಿದ ಕೂಡಲೇ ಮಾತು ಅರ್ಧಕ್ಕೇ ಕಡಿಯುತ್ತಿತ್ತು.

"ಇಲ್ಲಿ ನೀರ ಭಾಳ ದೊಡ್ಡದೈತ್ರಿ ಅಕ್ಕಾರ. ಆಚಿ ದಂಡಿ ಕಾಣೂದಿಲ್ಲ. ಗಾಳಿ ಯಾ ಕಡಿಂದ ಬರತೈತೋ ನನಗ ಇನ್ನೂ ತಿಳದಿಲ್ಲ. ಇಲ್ಲೆ ಕೇಳಾಕ ಯಾರೂ ಇಲ್ಲ" ಎಂದಳು ಒಮ್ಮೆ. ಆ ವಾರ ಪೂರ್ತಿ ನನಗೆ ಊಟ ಸೇರಲಿಲ್ಲ. ಮುಂದಿನ ರವಿವಾರ ಫೋನು ಬರುವವರೆಗೂ ಬೂತಿನಿಂದ ಏಳಲಿಲ್ಲ.

ಒಂದು ವರ್ಷ ಕೊನೆಗೂ ಮಳೆ ಹಿಡಿಯಿತು. ಆ ಹೊತ್ತಿಗೆ ಊರಿನಲ್ಲಿ ಕೆಲವರ ಕೈಗೆ ಮೊಬೈಲು ಬಂದಿತ್ತು, ಬೂತಿಗೆ ಬರುವವರು ಕಡಿಮೆಯಾಗಿ ನಾನೊಂದು ಝೆರಾಕ್ಸ್ ಯಂತ್ರ ತಂದು ಇಟ್ಟಿದ್ದೆ. ಅವಳ ಫೋನು ಬಂತು.

"ಅಕ್ಕಾರ, ನಮ್ಮ ಕಡೆ ನೀರ ಬಂದೈತೇನ್ರಿ? ಬಲಿ ಹಾಕೂವಷ್ಟ ಐತೇನ್ರಿ? ಹೌದಂದ್ರ ಬರತೇವಿ."

ಬಂದಿದೆ ಎಂದು ಮಂದಿ ಹೇಳುವುದನ್ನು ಕೇಳಿದ್ದೆ. ಆದರೆ ಅವರ ಒಂದು ವರ್ಷದ ಬದುಕು ಆ ಮಾತಿನ ಮೇಲೆ ನಿಂತಿತ್ತು. "ನಾ ನೋಡಿ ಬಂದು ಹೇಳತೇನಿ, ನಾಳೆ ಫೋನ್ ಮಾಡು" ಎಂದೆ. ಮರುದಿನ ಬೆಳಿಗ್ಗೆ ಅಬ್ಬಾನ ಹೆಗಲು ಹಿಡಿದು ಇಳಿಜಾರು ಇಳಿದೆ. ಎರೆಮಣ್ಣು ಊರುಗೋಲಿಗೆ ಗೇಣುದ್ದ ಅಂಟಿತು, ಎರಡು ಸಲ ಬಿದ್ದೆ. ದಂಡೆ ಮುಟ್ಟಿದಾಗ ಮೈಯೆಲ್ಲ ಕೆಸರು. ನೀರು ಜಾಲಿ ಗಿಡಗಳ ಸೊಂಟದವರೆಗೆ ಬಂದಿತ್ತು. ಬಣ್ಣ ಕೆಂಪು, ಮೇಲೆ ಕಸಕಡ್ಡಿ ತೇಲುತ್ತಿತ್ತು, ಅಂಚಿನಲ್ಲಿ ಸಣ್ಣ ಮೀನಿನ ಮರಿಗಳು ಕಂಡವು. ಬುರುಜು ಕಾಣಲಿಲ್ಲ. ಎಲ್ಲವನ್ನೂ ಮನಸ್ಸಿನಲ್ಲಿ ಇಟ್ಟುಕೊಂಡು ಬಂದು ಫೋನಿನ ಮುಂದೆ ಕುಳಿತೆ.

ಫೋನು ಬರಲಿಲ್ಲ. ಅದರ ಮರುದಿನವೂ ಇಲ್ಲ, ಮೂರನೆಯ ದಿನವೂ ಇಲ್ಲ. ಆಲಮಟ್ಟಿಯ ಆ ದೊಡ್ಡ ನೀರು, ತಿಳಿಯದ ಗಾಳಿ ನನ್ನ ಕಣ್ಣ ಮುಂದೆ ಬಂದವು. ಅವಳು ಮಾತಾಡುತ್ತಿದ್ದ ಫೋನಿನ ನಂಬರು ನನ್ನ ಹತ್ತಿರ ಇರಲಿಲ್ಲ. ಅಮ್ಮಿ ಎಷ್ಟು ಹೇಳಿದರೂ ನಾನು ಬೂತು ಬಿಟ್ಟು ಕದಲಲಿಲ್ಲ.

ನಾಲ್ಕನೆಯ ದಿನ ಮಧ್ಯಾಹ್ನ ಒಂದು ಲಾರಿ ಬೇವಿನ ಮರದ ಕೆಳಗೆ ನಿಂತಿತು. ಮೇಲೆ ಬೋರಲು ಹಾಕಿದ ಹರಗೋಲು, ಪಾತ್ರೆ ಪಗಡದ ಗಂಟು. ಅವಳು ಮೊದಲು ಇಳಿದಳು, ಅವನು ಆಮೇಲೆ, ಭುಜವನ್ನು ಒಂದು ಕಡೆ ವಾಲಿಸಿಕೊಂಡು.

"ಫೋನ್ ಯಾಕ ಮಾಡಲಿಲ್ಲ?" ಎಂದೆ. ನನ್ನ ದನಿಯಲ್ಲಿ ಸಿಟ್ಟಿತ್ತು.

"ಲಾರಿ ಸಿಕ್ತು, ಬಂದ ಬಿಟ್ಟಿವಿ" ಎಂದು ಅವನು ನಕ್ಕ. "ಕುಡ್ಯಾಕ ನೀರ ಕೊಡ್ರಿ ಮೊದಲ."

ಅಮ್ಮಿ ತಂಬಿಗೆ ತಂದಳು. ನಾನು ಕಂಡದ್ದನ್ನೆಲ್ಲ ಹೇಳಿದೆ: ಜಾಲಿಯ ಸೊಂಟದವರೆಗೆ, ಕೆಂಪು, ಕಸ, ಮರಿಗಳು. ಆಳ ಎಷ್ಟೋ ನನಗೆ ತಿಳಿಯದು ಎಂದೂ ಹೇಳಿದೆ. ಅವಳು ಪೂರ್ತಿ ಕೇಳಿಸಿಕೊಂಡಳು, ತಲೆಯಾಡಿಸಿದಳು. ನೀರು ಕುಡಿದು ತಂಬಿಗೆ ಕೆಳಗಿಟ್ಟು, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ತಾನೇ ನೋಡಲು ಇಳಿಜಾರು ಇಳಿದು ಹೋದಳು.